ಕ್ಲಚ್ ಒತ್ತಿದರೂ ನಿಲ್ಲದ ಟ್ರ್ಯಾಕ್ಟರ್



ಈ ತಿಂಗಳು ಹುಲ್ಲಿನ ವಿಷಯ ಬರೆಯುತ್ತಿದ್ದೇವೆ. ಹಸು ಕಟ್ಟಿದ ಮನೆಯವರಿಗೆ ಇದು ಸಣ್ಣ ವಿಷಯವಲ್ಲ. ಹಸು ಇಲ್ಲದವರೂ ಸ್ವಲ್ಪ ತಾಳ್ಮೆಯಿಂದ ಓದಿರಿ, ನಾವು ಮಾಡಿದ ಒಂದು ತಪ್ಪೂ ಇದರಲ್ಲಿದೆ.

ಹೊಸೂರು ಸೀಮೆಗೂ ಹುಲ್ಲಿಗೂ ನಂಟು ಹಳೆಯದು. ಪಟ್ಟಣದ ಮಗ್ಗುಲಲ್ಲೇ ಇರುವ ಮತ್ತಿಗಿರಿಯ ಸರ್ಕಾರಿ ಜಾನುವಾರು ಫಾರಂ 1824ರಲ್ಲಿ ಕಂಪನಿಯ ಸೈನ್ಯಕ್ಕೆ ಕುದುರೆ ಒದಗಿಸುವ ಠಾಣೆಯಾಗಿ ಆರಂಭವಾಯಿತು. 1,600 ಎಕರೆಗೂ ಹೆಚ್ಚು ನೆಲ ಅದಕ್ಕೆ ಸೇರಿತ್ತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ತಂಪು ಹವೆ, ಮುಂಗಾರು ಹಿಂಗಾರು ಎರಡರ ಮಳೆ. ಮೇವು ಬೆಳೆಯಲು ಇನ್ನೇನು ಬೇಕು? ಕುದುರೆಗಳ ಕಾಲ ಮುಗಿದು ದನಗಳ ಕಾಲ ಬಂತು. ತಳಿ, ಡೆಂಕಣಿಕೋಟೆ, ಬಾಗಲೂರು ಕಡೆಯ ನಮ್ಮ ಕನ್ನಡ ಮನೆಗಳಲ್ಲಿ ಮಕ್ಕಳ ಶಾಲೆಯ ಫೀಸಿಗೂ ಅಂಗಡಿಯ ಸಾಲಕ್ಕೂ ಹಾಲಿನ ದುಡ್ಡೇ ಆಧಾರವಾಗಿರುವುದನ್ನು ನಾವು ಕಂಡಿದ್ದೇವೆ.

ನಮ್ಮ ಹಾಸ್ಟೆಲಿನ ಮಕ್ಕಳ ಹಾಲಿಗಾಗಿ ನಾವೂ ಕೆಲವು ಹಸು ಸಾಕಿದ್ದೇವೆ. ಅವು ಮೇಯಲು ಒಂದಿಷ್ಟು ಹುಲ್ಲುಗಾವಲಿದೆ. ಮೇಯುವ ನೆಲದ ಹುಲ್ಲನ್ನು ಮತ್ತೇಕೆ ಕತ್ತರಿಸಬೇಕು ಎಂದು ಕೆಲವರು ಕೇಳುತ್ತಾರೆ. ಹಸು ಎಳೆಯ ಹುಲ್ಲನ್ನು ಆರಿಸಿ ತಿನ್ನುತ್ತದೆ; ಸಗಣಿ ಬಿದ್ದ ಜಾಗದ ಸುತ್ತಲಿನದನ್ನು ಮೂಸಿ ಬಿಡುತ್ತದೆ. ಬಿಟ್ಟ ಹುಲ್ಲು ಬಲಿತು ಗರಿ ಒರಟಾಗುತ್ತದೆ. ನಡುವೆ ಪಾರ್ಥೇನಿಯಂ, ಲಂಟಾನ ತಲೆ ಎತ್ತುತ್ತವೆ. ಲಂಟಾನ ತಿಂದ ದನಕ್ಕೆ ಯಕೃತ್ತು ಕೆಡುತ್ತದೆ. ಮಳೆ ಬಿದ್ದು ಹುಲ್ಲು ಚಿಗುರುವ ದಿನಗಳಲ್ಲಿ, ಪಾರ್ಥೇನಿಯಂ ಹೂ ಬಿಡುವುದಕ್ಕೆ ಮುಂಚೆ, ನೆಲದಿಂದ ನಾಲ್ಕು ಬೆರಳೋ ಆರು ಬೆರಳೋ ಬಿಟ್ಟು ಒಮ್ಮೆ ಸವರಿದರೆ ಕಾವಲು ಹೊಸದಾಗುತ್ತದೆ. ಬುಡಕ್ಕೇ ಬೋಳಿಸಿದರೆ ಬೇರು ಸೊರಗಿ ಕಳೆಗೇ ಜಾಗ ಕೊಟ್ಟಂತಾಗುತ್ತದೆ.

ಒಂದೆರಡು ಗುಂಟೆಯಾದರೆ ಕುಡುಗೋಲು ಸಾಕು. ಎಕರೆಗಟ್ಟಲೆಗೆ ಆಳು ಸಿಗುವುದಿಲ್ಲ. ಹೊಸೂರಿನ ಕಾರ್ಖಾನೆಗಳು ಹುಡುಗರನ್ನೆಲ್ಲ ಕರೆದುಕೊಂಡಿವೆ. ಹಾಗಾಗಿ ಟ್ರ್ಯಾಕ್ಟರಿನ ಹಿಂದೆ ಎಳೆದುಕೊಂಡು ಹೋಗುವ ಹುಲ್ಲು ಕತ್ತರಿಸುವ ಯಂತ್ರವೊಂದನ್ನು ಹಳೆಯದೇ ಕೊಂಡೆವು. ಅದಕ್ಕೆ ತನ್ನದೇ ಎರಡು ಚಕ್ರ. ಮೇಲೆ ಕಬ್ಬಿಣದ ಹೊದಿಕೆ, ಅಡಿಯಲ್ಲಿ ಭಾರವಾದ ಪಟ್ಟಿಗೆ ಸಿಕ್ಕಿಸಿದ ಎರಡು ಬ್ಲೇಡು. ಟ್ರ್ಯಾಕ್ಟರಿನ ಹಿಂದುಗಡೆಯ ಪಿ.ಟಿ.ಓ. ಶಾಫ್ಟು ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗಿ ಅದಕ್ಕೆ ಶಕ್ತಿ ಕೊಡುತ್ತದೆ. ನಮ್ಮ ಟ್ರ್ಯಾಕ್ಟರಿಗೆ ಹೆಚ್ಚುಕಡಿಮೆ ನಮ್ಮದೇ ವಯಸ್ಸು. ಉಳುಮೆಗೂ ಟ್ರೈಲರಿಗೂ ಇಂದಿಗೂ ಗಟ್ಟಿ.

ಮೊದಲ ದಿನ ನಾವೇ ಗೇಟು ತೆರೆಯಲು ನಿಂತಿದ್ದೆವು. ಡ್ರೈವರಣ್ಣ ಒಂದು ಸುತ್ತು ಮುಗಿಸಿ ನಮ್ಮತ್ತ ಬಂದರು. ಹತ್ತು ಹೆಜ್ಜೆ ದೂರದಲ್ಲಿ ನಿಲ್ಲಬೇಕಾದ ಗಾಡಿ ನಿಲ್ಲಲಿಲ್ಲ. "ಸ್ವಾಮೀ, ಪಕ್ಕಕ್ಕೆ!" ಎಂಬ ಕೂಗು ಕೇಳಿ ಹಾರಿದೆವು. ಟ್ರ್ಯಾಕ್ಟರು ಕಲ್ಲಿನ ಕಂಬಕ್ಕೆ ಗುದ್ದಿ ನಿಂತಿತು. ಕಂಬ ಉರುಳಿತು. ಯಾರಿಗೂ ಪೆಟ್ಟಾಗಲಿಲ್ಲ.

ಎದೆ ಇನ್ನೂ ಹೊಡೆದುಕೊಳ್ಳುತ್ತಿದ್ದಾಗಲೇ ನಾವು ರೇಗಿದೆವು. "ಕಾಲು ಎಲ್ಲಿಟ್ಟಿದ್ದಿರಿ?" ಎಂದೆವು. "ಕ್ಲಚ್ ಪೂರ್ತಿ ಒತ್ತಿದ್ದೆ ಸ್ವಾಮಿ, ಗಾಡಿ ತಾನೇ ತಳ್ಳಿಕೊಂಡು ಹೋಯ್ತು" ಎಂದರು. ಕ್ಲಚ್ ಒತ್ತಿದರೆ ಗಾಡಿ ಹೇಗೆ ಹೋದೀತು? ನಾವು ನಂಬಲಿಲ್ಲ. ಹಾಸ್ಟೆಲಿನ ಹುಡುಗರ ಎದುರಿಗೇ ಇನ್ನೆರಡು ಮಾತು ಹೆಚ್ಚಿಗೆ ಆಡಿದೆವು. ಇಪ್ಪತ್ತು ವರ್ಷ ಗಾಡಿ ಓಡಿಸಿದ ಮನುಷ್ಯ ತಲೆ ತಗ್ಗಿಸಿ ಹೋದರು.

ಮರುದಿನ ಹೊಸೂರಿನಿಂದ ಬಂದ ಮೆಕ್ಯಾನಿಕ್ ಕಂಬ ನೋಡಲಿಲ್ಲ, ನೇರವಾಗಿ ಪಿ.ಟಿ.ಓ. ನೋಡಿದರು. "ಇದು ಸಿಂಗಲ್ ಕ್ಲಚ್ ಗಾಡಿ. ಅವರು ಹೇಳಿದ್ದು ನಿಜ" ಎಂದರು. ಆಮೇಲೆ ಬಿಡಿಸಿ ಹೇಳಿದರು. ಇಂಥ ಹಳೆಯ ಗಾಡಿಗಳಲ್ಲಿ ಚಕ್ರಕ್ಕೂ ಪಿ.ಟಿ.ಓ.ಗೂ ಶಕ್ತಿ ಒಂದೇ ಕ್ಲಚ್ಚಿನ ಮೂಲಕ, ಒಂದೇ ಗೇರ್ ಪೆಟ್ಟಿಗೆಯಿಂದ ಹೋಗುತ್ತದೆ. ಕ್ಲಚ್ ಒತ್ತಿದಾಗ ಎಂಜಿನ್ ಬಿಟ್ಟುಕೊಳ್ಳುತ್ತದೆ, ಸರಿ. ಆದರೆ ಹಿಂದೆ ಭಾರವಾದ ಬ್ಲೇಡು ಇನ್ನೂ ಬಿರುಸಾಗಿ ತಿರುಗುತ್ತಿರುತ್ತದೆ. ಆ ಓಟ ಶಾಫ್ಟಿನ ಮೂಲಕ ಹಿಂದಿನಿಂದ ಗೇರ್ ಪೆಟ್ಟಿಗೆಗೆ ಹೊಕ್ಕು ಚಕ್ರಗಳನ್ನು ತಿರುಗಿಸುತ್ತದೆ. ಯಂತ್ರವೇ ಟ್ರ್ಯಾಕ್ಟರನ್ನು ಓಡಿಸುತ್ತದೆ! ಡಬಲ್ ಕ್ಲಚ್ ಇರುವ ಗಾಡಿಯಲ್ಲಿ ಪಿ.ಟಿ.ಓ. ದಾರಿ ಬೇರೆಯಾದ್ದರಿಂದ ಈ ತೊಂದರೆ ಇಲ್ಲ.

ಪರಿಹಾರ ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರದ್ದು. ಓವರ್‌ರನ್ನಿಂಗ್ ಕಪ್ಲಿಂಗ್ ಎನ್ನುತ್ತಾರೆ. ಸೈಕಲ್ಲಿನ ಫ್ರೀವೀಲ್ ನೆನೆಯಿರಿ: ಪೆಡಲ್ ತುಳಿದರೆ ಚಕ್ರ ತಿರುಗುತ್ತದೆ, ಇಳಿಜಾರಿನಲ್ಲಿ ಚಕ್ರ ತಿರುಗಿದರೆ ಪೆಡಲ್ ತಿರುಗುವುದಿಲ್ಲ. ಇದೂ ಹಾಗೆಯೇ. ಟ್ರ್ಯಾಕ್ಟರು ಬ್ಲೇಡನ್ನು ತಿರುಗಿಸಬಹುದು, ಬ್ಲೇಡು ಟ್ರ್ಯಾಕ್ಟರನ್ನು ತಿರುಗಿಸಲಾರದು. ಅದನ್ನು ಪಿ.ಟಿ.ಓ.ಗೂ ಶಾಫ್ಟಿಗೂ ನಡುವೆ ಹಾಕಿಸಿದೆವು. ಶಾಫ್ಟು ಅಷ್ಟರಮಟ್ಟಿಗೆ ಉದ್ದವಾಗುವುದರಿಂದ, ತಿರುವಿನಲ್ಲಿ ಅದು ಒಳಗೆ ಕೂತು ಒತ್ತುವುದಿಲ್ಲವೇ ಎಂದು ಅಳೆದು ನೋಡಬೇಕಾಯಿತು.

ಇಂಥ ಯಂತ್ರ ತರುವವರಿಗೆ ನಾವು ಕಲಿತ ಕೆಲವು ಮಾತು. ಕೊಳ್ಳುವ ಮುಂಚೆ ನಿಮ್ಮ ಗಾಡಿ ಸಿಂಗಲ್ ಕ್ಲಚ್ಚೋ ಡಬಲ್ ಕ್ಲಚ್ಚೋ ಕೇಳಿಕೊಳ್ಳಿ. ಯಂತ್ರವನ್ನು ಡ್ರಾಬಾರಿಗೆ ಮಾತ್ರ ಸಿಕ್ಕಿಸಿ. ಮೇಲಿನ ಲಿಂಕಿಗೆ ಕಟ್ಟಿ ಎಳೆದರೆ ಗಾಡಿಯ ಮೂತಿ ಎದ್ದು ಹಿಂದಕ್ಕೆ ಮಗುಚೀತು. ಸಣ್ಣ ಗೇರಿನಲ್ಲಿ ಹೋಗಿ, ಎಂಜಿನ್ ವೇಗ ಇಳಿಸಬೇಡಿ. ವೇಗ ಇಳಿದರೆ ಬ್ಲೇಡು ಹುಲ್ಲನ್ನು ಕತ್ತರಿಸದೆ ಹರಿಯುತ್ತದೆ. ತಿರುವು ಅಗಲವಾಗಿರಲಿ. ಮುನ್ನಾದಿನ ನಡೆದುಕೊಂಡೇ ಒಂದು ಸುತ್ತು ಹಾಕಿ ಕಲ್ಲು, ತಂತಿ ಹೆಕ್ಕಿಡಿ. ನಮ್ಮ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ, ಬ್ಲೇಡಿಗೆ ಸಿಕ್ಕಿದ ಕಲ್ಲು ಗುಂಡಿನಂತೆ ಹಾರುತ್ತದೆ. ಮಕ್ಕಳು, ನಾಯಿ, ದನ ಯಾವುದೂ ಹೊಲದಲ್ಲಿ ಇರಬಾರದು. ಶಾಫ್ಟಿನ ಮೇಲಿನ ಕವಚ ಕಿತ್ತಿದ್ದರೆ ಮೊದಲು ಅದನ್ನು ಹಾಕಿಸಿ. ಪಂಚೆಯ ಅಂಚು, ಸೀರೆಯ ಸೆರಗು, ನಮ್ಮಂಥವರ ನಿಲುವಂಗಿ, ಯಾವುದು ಸಿಕ್ಕರೂ ಅದು ಬಿಡುವುದಿಲ್ಲ. ಸಿಕ್ಕಿಕೊಂಡ ಹುಲ್ಲು ತೆಗೆಯುವುದಿದ್ದರೆ ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಂಡು, ಬ್ಲೇಡು ಪೂರ್ತಿ ನಿಂತ ಮೇಲೆ ಇಳಿಯಿರಿ.

ಮೆಕ್ಯಾನಿಕ್ ಹೋದ ಸಂಜೆ ನಾವು ಡ್ರೈವರಣ್ಣನ ಮನೆಗೆ ಹೋದೆವು. ಅವರ ಹೆಂಡತಿ ಕಾಫಿ ಕೊಟ್ಟರು. "ತಪ್ಪು ನಮ್ಮದು, ನಿಮ್ಮ ಮಾತು ಕೇಳಬೇಕಿತ್ತು" ಎಂದೆವು. ಅವರು "ಅಯ್ಯೋ ಬಿಡಿ ಸ್ವಾಮಿ, ಕಂಬ ನಿಲ್ಲಿಸೋಣ" ಎಂದಷ್ಟೇ ಅಂದರು. ಆದರೆ ನಾವು ಬೈದದ್ದು ಹುಡುಗರ ಎದುರಿಗೆ. ಹಾಗಾಗಿ ಮರುದಿನ ಬೆಳಿಗ್ಗೆ ಅವರೆಲ್ಲರನ್ನೂ ಟ್ರ್ಯಾಕ್ಟರಿನ ಹತ್ತಿರ ಕರೆದು, ಡ್ರೈವರಣ್ಣನಿಂದಲೇ ಕ್ಲಚ್ಚಿನ ಪಾಠ ಹೇಳಿಸಿದೆವು. ಹುಡುಗರ ಸಾಲಿನಲ್ಲಿ ನಾವೂ ನಿಂತು ಕೇಳಿದೆವು. ಕಂಬ ಆ ಮಧ್ಯಾಹ್ನವೇ ಎದ್ದು ನಿಂತಿತು.