ಊರ ಹೆಸರೂ ಅದರ ಅರ್ಥವೂ

ಭೂಗೋಳದ ಪಾಠದಲ್ಲಿ ಸ್ಥಳನಾಮಗಳನ್ನು ಬಾಯಿಪಾಠ ಮಾಡಿಸಿ, ನಕಾಶೆಯ ಮೇಲೆ ಬೆರಳಿಟ್ಟು ತೋರಿಸಿದಲ್ಲಿಗೆ ಉಪಾಧ್ಯಾಯಿನಿಯ ಕೆಲಸವು ತೀರಿತೆಂದು ಎಣಿಸುವವರುಂಟು. ನಾವು ಇದಕ್ಕೆ ಒಪ್ಪಲಾರೆವು. ಅರ್ಥವನ್ನು ಬಿಟ್ಟು ಹೆಸರನ್ನು ಮಾತ್ರ ಉಳಿಸಿಕೊಂಡರೆ ಏನಾಗುವುದೆಂಬುದನ್ನು ಸ್ಕಾಟ್ಲೆಂಡಿನ ಒಂದು ಹಳ್ಳಿಗಾಡಿನ ಪ್ಯಾರಿಷಿನಲ್ಲಿ ಕಾಣಬಹುದು.

ಅದು ಪರ್ತ್‌ಶೈರಿನ ಫಾರ್ಟಿಂಗಲ್. ಲಿಯನ್ ನದಿಯ ನೀಳವಾದ ಕಣಿವೆಯು ಅದಕ್ಕೆ ಸೇರಿದುದು. ಅಲ್ಲಿಯ ದೇವಾಲಯದ ಅಂಗಳದಲ್ಲಿ ಸಾವಿರಾರು ವರ್ಷದ್ದೆನ್ನುವ ಯೂ ಮರವೊಂದಿದೆ; 1769ರಲ್ಲಿ ಪೆನೆಂಟ್ ಎಂಬ ಪ್ರವಾಸಿಯು ಅದರ ಸುತ್ತಳತೆ 56 ಅಡಿಗೂ ಮಿಗಿಲೆಂದು ಬರೆದಿಟ್ಟನು. ಜನರು ಮರವನ್ನು ನೋಡಿ ಹಿಂದಿರುಗುವರು. ಊರ ಹೆಸರನ್ನು ನೋಡುವವರು ವಿರಳ. ಅದರ ಗೇಲಿಕ್ ರೂಪದ ಕೊನೆಯಲ್ಲಿರುವುದು ದೇವಾಲಯವೆಂಬ ಅರ್ಥದ 'ಕಿಲ್' ಶಬ್ದ. ಇಂಗ್ಲಿಷ್ ಕಾಗುಣಿತದಲ್ಲಿ ಅದು 'ಗಲ್' ಎಂದಾಗಿ, ಹೆಸರಿನೊಳಗಿದ್ದ ದೇವಾಲಯವೇ ಮರೆಯಾಯಿತು.

ಊರ ಹತ್ತಿರದ ಹೊಲದಲ್ಲಿ ಒಂದು ದಿಬ್ಬವಿದೆ. ಅದರ ಗೇಲಿಕ್ ಹೆಸರಿಗೆ 'ಸತ್ತವರ ಕಲ್ಲುಗುಪ್ಪೆ' ಎಂದರ್ಥ. 14ನೆಯ ಶತಮಾನದ ಮಹಾಮಾರಿಯಲ್ಲಿ ಮಡಿದವರನ್ನು ಒಬ್ಬ ಮುದುಕಿಯು, ಬಿಳಿಯ ಕುದುರೆಯು ಎಳೆಯುವ ಜಾರುಬಂಡಿಯಲ್ಲಿ ಅಲ್ಲಿಗೆ ಸಾಗಿಸಿದಳೆಂದು ಪ್ರತೀತಿ. ದಿಬ್ಬವು ಮಹಾಮಾರಿಗಿಂತ ಬಹು ಹಳೆಯದೆಂಬುದು ನಿಜ. ಆದರೂ, ಎಲ್ಲರೂ ಹೆದರಿದ ಕೆಲಸವನ್ನು ಕೈಕೊಂಡ ಆ ಹೆಂಗಸಿನ ಸ್ಮರಣೆಯು ಉಳಿದುದು ಈ ಹೆಸರಿನ ಆಸರೆಯಿಂದ. ಹೆಣ್ಣುಮಕ್ಕಳ ಶಾಲೆಯವರಾದ ನಾವು ಇದನ್ನು ಹೇಳದೆ ಮುಂದೆ ಹೋಗಲಾರೆವು.

ಕಣಿವೆಯ ಮೇಲ್ತುದಿಯಲ್ಲಿ 'ಮುದುಕಿಯ ಕಣಿವೆ' ಎಂಬ ಇನ್ನೊಂದು ಹೆಸರಿದೆ. ಅಲ್ಲಿಯ ಪುಟ್ಟ ಕಲ್ಲುಗೂಡಿನಿಂದ ಮುದುಕ, ಮುದುಕಿ ಎಂದು ಕರೆಯುವ ಕಲ್ಲುಗಳನ್ನು ಬೇಸಗೆಯ ಆರಂಭದಲ್ಲಿ ಹೊರಗಿಟ್ಟು, ಚಳಿಗಾಲಕ್ಕೆ ಮುನ್ನ ಒಳಗಿಡುವುದು ವಾಡಿಕೆ. ದನಗಳನ್ನು ಬೆಟ್ಟದ ಹುಲ್ಲುಗಾವಲಿಗೆ ಏರಿಸಿ ಇಳಿಸುತ್ತಿದ್ದ ಕಾಲಗಳೂ ಅವೇ.

19ನೆಯ ಶತಮಾನದ ಭೂಮಾಪಕರು ಸ್ಕಾಟ್ಲೆಂಡಿನ ಇಂತಹ ಹೆಸರುಗಳನ್ನು 'ಹೆಸರು ಪುಸ್ತಕ'ಗಳಲ್ಲಿ ದಾಖಲು ಮಾಡಿದರು. ಯಾರ ಮಾತಿನ ಮೇಲೆ ಬರೆದುಕೊಂಡರೆಂಬುದಕ್ಕೂ ಒಂದು ಅಂಕಣವಿತ್ತು. ಹೆಸರುಗಳು ಹೀಗೆ ನಕಾಶೆಗೆ ಏರಿದುವು. ಆದರೆ ಮಕ್ಕಳನ್ನೆಲ್ಲ ಶಾಲೆಗೆ ಕರೆದ 1872ರ ಶಿಕ್ಷಣ ಶಾಸನವು ಗೇಲಿಕ್ ಭಾಷೆಗೆ ಎಡೆಯನ್ನೇ ಕೊಡಲಿಲ್ಲ. ಮನೆಮಾತು ಹೊಸಲಿನಾಚೆಗೇ ನಿಂತಿತು. ಗೇಲಿಕ್ ಕ್ಷೀಣಿಸಿದುದಕ್ಕೆ ಶಾಲೆಯೊಂದೇ ಕಾರಣವಲ್ಲ. ಬಡತನವೂ ವಲಸೆಯೂ ಇದ್ದುವು. ಆದರೆ ನಮ್ಮ ವೃತ್ತಿಯ ಪಾಲನ್ನು ನಾವು ಮುಚ್ಚಿಡಬಾರದು. ಸ್ಕಾಟ್ಲೆಂಡಿನ ಗೇಲಿಕ್ ಭಾಷಾ ಶಾಸನವು 2005ರಲ್ಲಿ ಬಂದಿತು. ಅಷ್ಟರಲ್ಲಿ ಆ ಕಣಿವೆಯ ಹೆಸರುಗಳನ್ನು ಮನೆಮಾತಿನಲ್ಲೇ ಬಿಡಿಸಿ ಹೇಳಬಲ್ಲ ಅಜ್ಜಿಯರ ಕಾಲವು ಬಹುಮಟ್ಟಿಗೆ ಕಳೆದುಹೋಗಿತ್ತು.

ನಮ್ಮ ವಿದ್ಯಾರ್ಥಿನಿಯರು ತಂತಮ್ಮ ಊರಿನ ನಕಾಶೆಯನ್ನು ಬರೆಯುವಾಗ ಕೆರೆ, ಗುಡ್ಡ, ಹೊಲಗಳ ಹೆಸರಿನ ಎದುರಿಗೆ ಎರಡು ಅಂಕಣಗಳನ್ನು ಗೆರೆಹಾಕಿ ಬಿಡಬೇಕೆಂದು ನಾವು ಸೂಚಿಸುತ್ತೇವೆ: ಒಂದು ಅರ್ಥಕ್ಕೆ, ಇನ್ನೊಂದು ಆ ಅರ್ಥವನ್ನು ಹೇಳಿದವರ ಹೆಸರಿಗೆ.