ಉಪ್ಪಿನ ಮೇಲೆ ತೇಲುವ ಸಿಹಿನೀರು

ಅಂಬಿಗರ ಚೌಡಯ್ಯನವರ ಕಾಯಕ ದೋಣಿ ನಡೆಸುವುದು. ಹನ್ನೆರಡನೆಯ ಶತಮಾನದ ಆ ಶರಣರು ಹೊಳೆ ದಾಟಿಸಿದವರು. ಆಚೆಯ ದಡ ಅವರ ಕಣ್ಣೆದುರಿಗೇ ಇತ್ತು. ಕಡಲಿನ ಅಂಬಿಗರಿಗೆ ಆ ಭಾಗ್ಯವಿಲ್ಲ. ಸುತ್ತಲೂ ನೀರೇ ನೀರು. ಕುಡಿಯಲು ಮಾತ್ರ ಹನಿಯಿಲ್ಲ. ಅಂತಹವರಿಗೆ ನಡುಗಡಲಿನಲ್ಲಿ ದೊರಕುವ ಒಂದು ಬಾವಿಯ ಬೆಲೆ ಎಷ್ಟೆಂಬುದನ್ನು ಈ ತಿಂಗಳು ವಿಚಾರ ಮಾಡೋಣ.

ಮಂಗಳೂರಿನಿಂದ ನೈಋತ್ಯಕ್ಕೆ ಸುಮಾರು 250 ಕಿಲೋಮೀಟರು ದೂರದಲ್ಲಿ ಕಿಲ್ತಾನ್ ಎಂಬ ಹವಳದ ದ್ವೀಪವಿದೆ. ಅದರ ಉದ್ದ ಮೂರೂವರೆ ಕಿಲೋಮೀಟರು ಮೀರದು. ಅಗಲ ಒಂದು ಕಿಲೋಮೀಟರನ್ನೂ ಮುಟ್ಟದು. ಅಮಿನಿ, ಕಡಮತ್, ಚೆತ್ಲಾತ್, ಬಿತ್ರಾ ಅದರ ನೆರೆಯ ದ್ವೀಪಗಳು. ಇವು ನಮಗೆ ತೀರ ಹೊರಗಿನವಲ್ಲ. ಟಿಪ್ಪು ಸುಲ್ತಾನನ ಅಧೀನದಲ್ಲಿದ್ದ ಇವು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆಂಗ್ಲರ ವಶವಾದವು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವಾಗುವವರೆಗೆ, ಅಂದಿನ ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ದ್ವೀಪದ ಜನರು ತೆಂಗಿನ ನಾರಿನ ಹುರಿಯನ್ನು ‘ಓಡಂ’ ಎಂಬ ಹಾಯಿದೋಣಿಗಳಲ್ಲಿ ಮಂಗಳೂರಿಗೆ ತಂದು, ಅಕ್ಕಿಯನ್ನು ಕೊಂಡೊಯ್ಯುತ್ತಿದ್ದರು. ನಮ್ಮ ಗುಬ್ಬಿ-ತಿಪಟೂರು ಸೀಮೆಯಂತೆ ಅಲ್ಲಿಯೂ ತೆಂಗೇ ಜೀವನಾಧಾರ. ಪಾರಸೀಕ ಕೊಲ್ಲಿಗೂ ಸಿಂಹಳಕ್ಕೂ ನಡುವಣ ಹಳೆಯ ಹಡಗುದಾರಿಯಲ್ಲಿ ಕಿಲ್ತಾನ್ ಒಂದು ತಂಗುದಾಣವಾಗಿತ್ತು.

ಆ ನೆಲದಲ್ಲಿ ನದಿಯಿಲ್ಲ, ಬೆಟ್ಟವಿಲ್ಲ, ಕೆರೆಯಿಲ್ಲ. ಬಿದ್ದ ಮಳೆ ಹವಳದ ಮರಳಿನಲ್ಲಿ ಇಂಗುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ. ಆದಕಾರಣ ಅದು ಒಳಗೆ ನುಗ್ಗಿದ ಸಮುದ್ರದ ನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತದೆ. ಕಡಲು ಉಬ್ಬಿದರೆ ಬಾವಿಯ ನೀರೂ ಏರುವುದು. ಕಡಲು ಇಳಿದರೆ ಅದೂ ಇಳಿಯುವುದು. ಮೆಲ್ಲನೆ ಸೇದಿದರೆ ಸಿಹಿ. ಅತಿಯಾಗಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುವುದು. ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರ ಆ ದ್ವೀಪಸಮೂಹದ ಕವರತ್ತಿಗೆ ಬಂದದ್ದು 2005ರಲ್ಲಿ. ಅದಕ್ಕೆ ಮೊದಲಿನ ಶತಮಾನಗಳಲ್ಲಿ ತಂಗಲು ಬಂದ ನಾವಿಕನು ತುಂಬಿಕೊಂಡ ಪ್ರತಿಯೊಂದು ಕೊಡವೂ ದ್ವೀಪದ ಮನೆಗಳ ಪಾಲಿನಿಂದಲೇ ಬರಬೇಕಾಗಿತ್ತು. ಉಳಿದದ್ದನ್ನು ಕೊಡುವುದು ಒಂದು ರೀತಿ. ಇರುವುದರಲ್ಲಿ ಹಂಚುವುದು ದಾಸೋಹ.

ಬಂಧುಗಳೇ, ಹಿರೇಹಳ್ಳಿಯಿಂದ ಕಡಲು ಬಲು ದೂರ. ಆದರೂ ನಮ್ಮ ಕಾಲ ಕೆಳಗಿನ ನೀರಿನ ಲೆಕ್ಕ ಬೇರೆಯಲ್ಲ. ಅಲ್ಲಿ ಮರಳು, ಇಲ್ಲಿ ಬಂಡೆಯ ಬಿರುಕು. ತುಂಬುವುದು ಎರಡೂ ಕಡೆ ಮಳೆಯಿಂದಲೇ. ಒಬ್ಬರು ಕೊಳವೆಬಾವಿಯನ್ನು ಆಳಕ್ಕೆ ಇಳಿಸಿದರೆ ನೆರೆಯವರ ತೆರೆದ ಬಾವಿ ಒಣಗುತ್ತದೆ. ಅವರು ಇನ್ನೂ ಆಳಕ್ಕೆ ಹೋಗುತ್ತಾರೆ. ಅತಿಯಾಗಿ ಸೇದಿದಲ್ಲಿ ಅಲ್ಲಿ ಉಪ್ಪು ಬರುವುದಾದರೆ, ನಮ್ಮ ಜಿಲ್ಲೆಯ ಪಾವಗಡ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಬಂದು ಹಲ್ಲು ಮೂಳೆಗಳನ್ನು ಕೆಡಿಸಿದೆ. ದ್ವೀಪದವರಿಗೆ ತಮ್ಮ ನೀರಿನ ಎಲ್ಲೆ ನಾಲ್ಕೂ ಕಡೆ ಕಾಣುತ್ತದೆ. ನಮ್ಮ ಎಲ್ಲೆ ನೆಲದೊಳಗೆ ಅಡಗಿರುವುದರಿಂದ ಅದು ಇಲ್ಲವೆಂದೇ ಭಾವಿಸಿದ್ದೇವೆ.

ಅಷ್ಟಾವರಣಗಳಲ್ಲಿ ಪಾದೋದಕವೂ ಒಂದು. ಅದನ್ನು ಅಂಗೈಯಲ್ಲಿ ಹಿಡಿದಾಗ ಹನಿಯೂ ನೆಲಕ್ಕೆ ಬೀಳದಂತೆ ಭಕ್ತಿಯಿಂದ ಸ್ವೀಕರಿಸುತ್ತೇವೆ. ಪೂಜೆ ಮುಗಿಸಿ ಎದ್ದ ಅದೇ ಕೈ ಅಂಗಳದ ನಲ್ಲಿಯನ್ನು ತೆರೆದು ಮರೆಯುವುದಾದರೆ, ಪೂಜಾಗೃಹದ ನೀರು ಬೇರೆ, ಹೊಸಿಲಾಚೆಯ ನೀರು ಬೇರೆ ಎಂದಾಯಿತು. ಇಂತಹ ಭೇದವನ್ನು ಶರಣರು ಒಪ್ಪಲಿಲ್ಲ.

ಆದುದರಿಂದ ಮನೆಯ ಯಜಮಾನರಲ್ಲಿ ಮತ್ತು ತಾಯಂದಿರಲ್ಲಿ ನಮ್ಮ ವಿನಂತಿ ಇಷ್ಟೆ. ಹೊಸ ಕೊಳವೆಬಾವಿ ತೋಡುವ ಮುನ್ನ ನೆರೆಯವರೊಡನೆ ಕುಳಿತು ಮಾತನಾಡಿರಿ. ಹಿತ್ತಿಲಿನ ಹಾಳುಬಾವಿಯನ್ನು ಕಸದಿಂದ ಮುಚ್ಚದೆ, ಹೂಳು ತೆಗೆಸಿ, ಮಾಳಿಗೆಯ ಮಳೆನೀರನ್ನು ಸೋಸಿ ಅದಕ್ಕೆ ಹರಿಸಿರಿ. ಊರ ಕೆರೆಗೆ ನೀರು ಬರುವ ಕಾಲುವೆಯನ್ನು ಮುಂಗಾರಿಗೆ ಮೊದಲೇ ಬಿಡಿಸಿರಿ. ಇವೆಲ್ಲವೂ ಕಾಯಕವೇ, ಅದರ ಫಲವನ್ನು ನಾಳೆ ಕೊಡ ಹಿಡಿದು ಬರುವವರು ಉಣ್ಣುವರು.