ಬಿ.ಟಿ. ಹತ್ತಿಯೂ ರಸ ಹೀರುವ ಹೇನೂ

“ಬಿ.ಟಿ. ಹತ್ತಿಗೆ ಹುಳ ಹತ್ತುವುದಿಲ್ಲವಂತೆ ಗುರುಗಳೇ” ಎಂದು ವಿದ್ಯಾರ್ಥಿಗಳು ಹೇಳುವುದುಂಟು. ಯಾವ ಹುಳ ಎಂದು ಮೊದಲು ಕೇಳಬೇಕು. ನಮ್ಮ ದೇಶದಲ್ಲಿ 2002ರಲ್ಲಿ ಅನುಮತಿ ಪಡೆದ ಈ ಕುಲಾಂತರಿ ಬೆಳೆಯೊಳಗಿನ ವಿಷ, ಅಗಿದು ತಿನ್ನುವ ಕಾಯಿಕೊರಕಕ್ಕೆಂದೇ ಇರುವಂಥದು. ಹೇನು, ಬಿಳಿನೊಣಗಳು ಅಗಿಯುವುದಿಲ್ಲ; ಸೂಜಿಯಂಥ ಬಾಯಿಯನ್ನು ಎಲೆಯ ನಾಳಕ್ಕೆ ಚುಚ್ಚಿ ರಸ ಹೀರುತ್ತವೆ. ಆ ರಸದಲ್ಲಿ ವಿಷ ಇಲ್ಲವೆನ್ನುವಷ್ಟು ಕಡಿಮೆ. ಹೊಟ್ಟೆ ಸೇರಿದರೂ ಅವುಗಳಿಗೆ ತಟ್ಟದು. ಬೀಜದ ಚೀಲಕ್ಕೆ ದುಡ್ಡು ಸುರಿಯುವ ರೈತನಿಗೆ ಇದನ್ನು ಮೊದಲೇ ತಿಳಿಸದಿರುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಅದೇ 2002ರಲ್ಲಿ ನಮ್ಮ ಸಾಂಗ್ಲಿ ಜಿಲ್ಲೆಯ ಕಬ್ಬಿಗೆ ಬಿಳಿ ಉಣ್ಣೆಹೇನು ಮುತ್ತಿ, ಬೆಳಗಾವಿಯ ಕಡೆಗೂ ಹಬ್ಬಿತು. ಅದೂ ರಸ ಹೀರುವ ಜಾತಿಯೇ. ಅದನ್ನು ಹತೋಟಿಗೆ ತರುವಲ್ಲಿ ಹೇನನ್ನೇ ತಿಂದು ಬದುಕುವ ಮೈಕ್ರೋಮಸ್ ಕೀಟದ, ಡೈಫಾ ಎಂಬ ಪತಂಗದ ಮರಿಹುಳದ (ನೋಡಿ, ಅದೂ ಒಂದು ಹುಳವೇ!) ಪಾಲು ದೊಡ್ಡದು.